ಮಾದಮ್ಮನ ಮುಷ್ಟಿ

ಮನುಷ್ಯನ ಬೊಂಬೆ ಮಾಡುವಾಗ ಎಲ್ಲಕ್ಕಿಂತ ಕಷ್ಟವಾದದ್ದು ಕೈ. ಹೊಸದಾಗಿ ಕೆಲಸಕ್ಕೆ ಬಂದವರು ಮುಖ ಕಷ್ಟ ಎಂದುಕೊಂಡಿರುತ್ತಾರೆ. ಮುಖ ಒಂಚೂರು ಆಚೀಚೆ ಆದರೂ ನೋಡುವವರು ‘ಇಂಥ ಮುಖದವರೂ ಯಾರೋ ಇರಬಹುದು’ ಎಂದು ಬಿಟ್ಟುಬಿಡುತ್ತಾರೆ. ಕೈ ಕೆಟ್ಟರೆ ಮಾತ್ರ ಬೊಂಬೆ ಎದ್ದು ನಿಲ್ಲುವುದೇ ಇಲ್ಲ. ಹೀಗಿದ್ದೂ ಗಾಜಿನ ಮುಂದೆ ನಿಂತವರಲ್ಲಿ ಕೈಯನ್ನು ನೋಡುವವರು ಬಹಳ ಕಡಿಮೆ.

ನಾನು ಕುಮಾರಸ್ವಾಮಿ ಲೇಔಟಿನ ಒಂದು ಶೆಡ್ಡಿನಲ್ಲಿ ಮ್ಯೂಸಿಯಂಗಳಿಗೆ ಆಳೆತ್ತರದ ಬೊಂಬೆ ಮಾಡುತ್ತಾ ಆಯುಷ್ಯದ ಮುಕ್ಕಾಲು ಪಾಲು ಕಳೆದೆ. ರಾಜರು, ನೇಕಾರರು, ಕುಂಬಾರರು, ಕಾಡಿನ ಜನ, ಎಲ್ಲರ ಕೈಯನ್ನೂ ಮಾಡಿದ್ದೇನೆ. ಈಗ ತಿಲಕ್ ನಗರದ ಮನೆಯಲ್ಲಿ ಕೂತು ಮೊಮ್ಮಕ್ಕಳ ಚಪಾತಿ ಹಿಟ್ಟಿನಲ್ಲಿ ಬೆರಳು ಮಾಡಿ ತೋರಿಸುವುದಷ್ಟೇ ಉಳಿದಿದೆ. ಈ ಕಸುಬಿಗೆ ಕಾಲಿಡುವ ಹುಡುಗ ಹುಡುಗಿಯರಿಗೆ ನಾಲ್ಕು ಮಾತು ಹೇಳೋಣ ಎಂದು ಕೂತರೆ, ಮಾಡಿದ ನೂರಾರು ಕೈಗಳಲ್ಲಿ ಒಂದೇ ಒಂದು ಕೈ ಮತ್ತೆ ಮತ್ತೆ ಎದುರಿಗೆ ಬಂದು ನಿಲ್ಲುತ್ತದೆ. ಅಲ್ಲಿಗೆ ಬರುವ ಮೊದಲು ಶೆಡ್ಡಿನ ರೀತಿ ನೀತಿ ಸ್ವಲ್ಪ ಹೇಳಬೇಕು.

ಶೆಡ್ಡಿನ ಯಜಮಾನರು ಶೇಷಗಿರಿ ಸಾರ್. ಬಸವನಗುಡಿಯ ಹಳೆಯ ಕುಳ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡೇ ಮಣ್ಣಿಗೆ ಕೈಹಾಕುವವರು. ಸಂಜೆಗೆ ಅಂಗಿ ಬಿಳಿಯಾಗಿಯೇ ಇರುತ್ತಿತ್ತು, ಹೇಗೆ ಅಂತ ದೇವರಿಗೇ ಗೊತ್ತು. ಅವರ ಪದ್ಧತಿ ಹೀಗಿತ್ತು: ಮೊದಲು ಜೇಡಿಮಣ್ಣಿನಲ್ಲಿ ಬೊಂಬೆ, ಅದರ ಮೇಲೆ ಪ್ಲಾಸ್ಟರಿನ ಅಚ್ಚು, ಅಚ್ಚಿನೊಳಗೆ ಫೈಬರ್. ಮೈ ಒಂದು ಕಡೆ, ಕೈಗಳು ಇನ್ನೊಂದು ಕಡೆ. ಕೈಗಳನ್ನು ಬೇರೆ ಪೆಟ್ಟಿಗೆಯಲ್ಲಿ ಹುಲ್ಲು ಹಾಸಿ ಕಳಿಸಿ, ಗ್ಯಾಲರಿಯಲ್ಲಿ ಮಣಿಕಟ್ಟಿಗೆ ಬೋಲ್ಟು ಹಾಕಿ ಕೂಡಿಸುತ್ತಿದ್ದೆವು.

ಈ ಬೋಲ್ಟಿನ ದೆಸೆಯಿಂದ ನಾನು ಸೇರಿದ ಹೊಸದರಲ್ಲೇ ಒಂದು ಪ್ರಮಾದ ನಡೆಯಿತು. ಒಬ್ಬ ರೈತನ ಬೊಂಬೆ. ನೇಗಿಲು ಹಿಡಿದು ನಿಂತಿದ್ದಾನೆ. ಉದ್ಘಾಟನೆ ಮುಗಿಯಿತು, ಹಾರ ಬಿತ್ತು, ಭಾಷಣವಾಯಿತು. ಕಾಫಿ ಕುಡಿಯುವ ಹೊತ್ತಿಗೆ ಒಂದು ಪುಟ್ಟ ಹುಡುಗಿ ಅಪ್ಪನ ಪ್ಯಾಂಟು ಜಗ್ಗಿ, “ಅಪ್ಪಾ, ಈ ಅಂಕಲ್‌ಗೆ ಎರಡೂ ಎಡಗೈ!” ಎಂದಳು. ನೋಡಿದರೆ ಹೌದು. ಅವನ ಬಲಗೈ ಪಕ್ಕದ ಕುಂಬಾರನ ಬೊಂಬೆಗೆ ಹೋಗಿತ್ತು. ಅವನಿಗೆ ಎರಡೂ ಬಲಗೈ. ಶೇಷಗಿರಿ ಸಾರ್ ಕಾಫಿ ಲೋಟ ಹಿಡಿದೇ ನನ್ನ ಕಡೆ ಬಾಗಿ, “ಸರೋಜಮ್ಮ, ಸುಮ್ನೆ ನಗ್ತಾ ನಿಂತ್ಕೊಳ್ಳಿ. ನಾವು ಗಾಬರಿ ಆದ್ರೆ ಎಲ್ರೂ ನೋಡ್ತಾರೆ” ಎಂದರು. ಮಾರನೆಯ ದಿನ ಹೋಗಿ ಬದಲಾಯಿಸಿ ಬಂದೆವು.

ಅವರ ಇನ್ನೊಂದು ಪದ್ಧತಿ ಫೋಟೋ. ಶೆಡ್ಡಿನ ಮೂಲೆಯಲ್ಲಿ ದಪ್ಪ ರಟ್ಟಿನ ಆಲ್ಬಮ್ಮುಗಳಿದ್ದವು. ಬ್ರಿಟಿಷರ ಕಾಲದಲ್ಲಿ ಯಾರೋ ದೊರೆಗಳು ಕ್ಯಾಮೆರಾ ಹೊತ್ತು ತಿರುಗಿ ತೆಗೆದ ಚಿತ್ರಗಳ ನಕಲುಗಳು. ಇಂಥ ಜಾತಿಯ ಗಂಡಸು, ಇಂಥ ಬೆಟ್ಟದ ಹೆಂಗಸು ಎಂದು ಪ್ರಾಣಿಗಳ ಹಾಗೆ ಹೆಸರು ಹಚ್ಚಿದವು. ನಾವು ಕಾಡಿನ ಜನರ ಬೊಂಬೆ ಮಾಡಬೇಕಾದಾಗಲೆಲ್ಲ ಆ ಆಲ್ಬಮ್ಮೇ ಆಧಾರ. ಎಲ್ಲ ಚಿತ್ರಗಳಲ್ಲೂ ಗಂಡಸು ನಿಂತಿರುತ್ತಿದ್ದ, ಕೈಯಲ್ಲಿ ಈಟಿಯೋ ಬಿಲ್ಲೋ. ಹೆಂಗಸು ಅವನ ಕಾಲ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿರುತ್ತಿದ್ದಳು. ನಾನೂ ಹಾಗೇ ಕೂರಿಸಿದೆ. ಒಬ್ಬಳನ್ನಲ್ಲ, ಎಷ್ಟೋ ಹೆಂಗಸರನ್ನು.

ಒಮ್ಮೆ ಅಂಥ ಒಬ್ಬ ಹೆಂಗಸಿನ ವಿಷಯಕ್ಕೆ ಮ್ಯೂಸಿಯಂ ಕಮಿಟಿಯಲ್ಲಿ ಜಗಳವೇ ಆಯಿತು. ಚಿತ್ರದಲ್ಲಿ ಅವಳಿಗೆ ಕುಪ್ಪಸ ಇರಲಿಲ್ಲ. ಒಬ್ಬ ತಜ್ಞರು “ಇದ್ದ ಹಾಗೇ ಇರ್ಲಿ, ಅದೇ ಸತ್ಯ” ಎಂದರು. ಇನ್ನೊಬ್ಬರು “ಸ್ಕೂಲ್ ಮಕ್ಕಳು ಬರ್ತಾರೆ ಸಾರ್, ಒಂದು ಬ್ಲೌಸ್ ಹಾಕ್ಸಿ” ಎಂದರು. ಇಬ್ಬರೂ ಪಟ್ಟು ಬಿಡಲಿಲ್ಲ. ಕೊನೆಗೆ ಶೇಷಗಿರಿ ಸಾರ್, “ಸರೋಜಮ್ಮ, ಮಣಿಸರ ಹಾಕ್ಬಿಡಿ. ಕುತ್ತಿಗೆಯಿಂದ ಸೊಂಟದವರೆಗೆ. ಇಬ್ರಿಗೂ ಸಮಾಧಾನ” ಎಂದರು. ಮಣಿ ಪೋಣಿಸಿ ಪೋಣಿಸಿ ನನ್ನ ಕಣ್ಣು ಹೋಗುವುದೊಂದು ಬಾಕಿ. ಆ ಬೊಂಬೆ ಕೊನೆಗೆ ಬಳೆಪೇಟೆಯ ಮಣಿ ಅಂಗಡಿಯ ಹಾಗೆ ಕಾಣುತ್ತಿತ್ತು.

ಮನೆಗೆ ಬಂದು ಅಜ್ಜಿಗೆ ಹೇಳಿದೆ. ನನಗೆ ಮಾತು ಕಲಿಸಿದವಳು ಅವಳೇ. ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ.

“ನಮ್ಮತ್ತೆಯೂ ಕುಪ್ಪಸ ತೊಟ್ಟೋಳಲ್ಲ ಕಣೇ. ಸೆರಗು ಸುತ್ತಿ ಬಿಗಿದ್ರೆ ಮುಗೀತು. ಯಾರೂ ತಿರುಗಿ ನೋಡ್ತಿರ್ಲಿಲ್ಲ. ಆಮೇಲೆ ಮಿಷನ್ ಸ್ಕೂಲಿನ ದೊರೆಸಾನಿಯರು ಬಂದ್ರು. ಕುಪ್ಪಸ ಇಲ್ದೋಳು ಮಾನ ಇಲ್ದೋಳು ಅಂತಾಯ್ತು. ಮುದುಕಿ ಹೊರಗೆ ಬರೋದನ್ನೇ ಬಿಟ್ಬಿಟ್ಲು, ಪಾಪ.”

“ಅವರೇ ಅಲ್ವೇನಜ್ಜಿ, ಕುಪ್ಪಸ ಇಲ್ಲದೋರ ಫೋಟೋ ತೆಗೆದು ತಮ್ಮೂರಿಗೆ ಒಯ್ದಿದ್ದು?”

“ಅವರೇ. ಅತ್ತ ಗಂಡ ಫೋಟೋ ತೆಗೆಯೋನು, ಇತ್ತ ಹೆಂಡ್ತಿ ಕುಪ್ಪಸ ಹೊಲಿಸೋಳು. ಮಧ್ಯೆ ನಮ್ಮೋಳನ್ನ ಯಾರಾದ್ರೂ ಏನಾದ್ರೂ ಕೇಳಿದ್ರಾ?”

ಆ ಮಾತು ನನ್ನ ತಲೆಯಲ್ಲಿ ಕೂತಿತು. ಕೂತಿತೇ ಹೊರತು ಕೆಲಸದಲ್ಲಿ ಏನೂ ಬದಲಾಗಲಿಲ್ಲ. ಮಾದಮ್ಮ ಬರುವವರೆಗೂ ಹಾಗೇ ನಡೆಯಿತು.

ಮಾದಮ್ಮ ನಮ್ಮ ಶೆಡ್ಡಿಗೆ ಮಣ್ಣು ತುಳಿಯಲು, ಪ್ಲಾಸ್ಟರ್ ಜರಡಿ ಹಿಡಿಯಲು ಬಂದವಳು. ಬನ್ನೇರುಘಟ್ಟದಾಚೆ ಕಾಡಂಚಿನ ಇರುಳಿಗರ ಕಾಲೊನಿಯವಳು. ಗಂಡ ಗಾರೆ ಕೆಲಸಕ್ಕೆ ಹೋಗುತ್ತಿದ್ದ. ಶೆಡ್ಡಿನ ಹಿಂದೆಯೇ ಶೀಟಿನ ಮನೆ. ಒಬ್ಬಳೇ ಮಗಳು ರತ್ನ, ಹತ್ತಿರದ ಸರ್ಕಾರಿ ಶಾಲೆಯಲ್ಲಿ ಆರನೆಯ ಕ್ಲಾಸು. ಮಾದಮ್ಮನ ಬಾಯಿ ಸುಮ್ಮನಿರುತ್ತಿರಲಿಲ್ಲ. ರಾಜರ ಬೊಂಬೆಗೆ ಮೀಸೆ ಅಂಟಿಸುತ್ತಿದ್ದರೆ, “ಅಕ್ಕ, ಇವ್ರು ಎಮ್ಮೆ ಕಾಯಾಕ್ ಹೋದ್ರೆ ಎಮ್ಮೆ ಹೆದರ್ಕೊಂಡ್ ಹಾಲೇ ಕೊಡಲ್ಲ” ಅನ್ನುತ್ತಿದ್ದಳು.

ಆ ಸಲ ನಗರದ ಒಂದು ಹೊಸ ಗ್ಯಾಲರಿಗೆ ಕಾಡಿನ ಜನರ ಒಂದು ಜೋಡಿ ಬೇಕಿತ್ತು. ಆಲ್ಬಮ್ ತೆಗೆದೆವು. ಬರೆದಿದ್ದುದು ಇರುಳಿಗರ ಗಂಡಸು, ಹೆಂಗಸು ಎಂದು. ಗಂಡಸು ಈಟಿ ಹಿಡಿದು ನಿಂತಿದ್ದ, ಹೆಂಗಸು ಕೂತಿದ್ದಳು. ನಾನು ಹೆಂಗಸಿನ ಸಣ್ಣ ಮಣ್ಣಿನ ಮಾದರಿ ಮಾಡಿ ಹಲಗೆಯ ಮೇಲೆ ಇಟ್ಟಿದ್ದೆ. ಮಾದಮ್ಮ ಜರಡಿ ನಿಲ್ಲಿಸಿ ಬಂದಳು.

“ಇದ್ಯಾರಕ್ಕ ಕುಂತಿರೋದು?”

“ನಿಮ್ಮೋರೇ ಮಾದಮ್ಮ. ನೋಡು, ಫೋಟೋ.”

ಫೋಟೋ ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. “ಯಾಕ್ ಕುಂತವ್ಳೆ? ಕಾಲಿಗೇನಾದ್ರೂ ಆಗಿತ್ತಾ?”

ನನಗೆ ನಗು ಬಂತು. ಅವಳಿಗೆ ಬರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಮುದ್ದೆ ಮುರಿಯುತ್ತಾ ತಾನಾಗಿಯೇ ಶುರು ಮಾಡಿದಳು.

“ನಮ್ಮವ್ವನ ಅಜ್ಜಿ ಇದ್ಲಂತೆ ಅಕ್ಕ. ಕಾಡಿಗೋಗುವಾಗ ಅವ್ಳೇ ಮುಂದೆ. ಗೆಡ್ಡೆ ಅಗೆಯೋ ಕೋಲು ಅವ್ಳ ಕೈಲಿ. ಗೆಡ್ಡೆ ಎಲ್ಲೈತೆ ಅಂತ ಅವ್ಳಿಗೇ ತಾನೆ ಗೊತ್ತು? ಗಂಡಸ್ರು ಜೇನಿಗೆ ಹೋಗೋರು. ಜೇನು ಸಿಕ್ದಾಗ ಸಿಕ್ತು, ಇಲ್ದಾಗ ಇಲ್ಲ. ದಿನಾ ಒಲೆ ಹತ್ಬೇಕಾದ್ರೆ ಕೋಲೇ ಗತಿ. ತಂದಿದ್ದನ್ನ ಯಾರ್ಗೆ ಎಷ್ಟು ಅಂತ ಹಂಚೋಳೂ ಅವ್ಳೇ. ಜಗಳ ಬಂದ್ರೂ ಅವ್ಳತ್ರಾನೇ ಹೋಗೋರು.”

“ಆಮೇಲೆ?”

“ಆಮೇಲೆ ಬಿಳೀ ದೊರೆ ಬಂದ. ನಿಮ್ಮಲ್ಲಿ ಯಜಮಾನ ಯಾರು ಅಂದ. ಅಜ್ಜಿ ಮುಂದಕ್ ಬಂದ್ರೆ, ನೀನಲ್ಲ, ಗಂಡಸ್ನ ಕಳ್ಸು ಅಂದ್ನಂತೆ. ಯಾವನೋ ಒಬ್ಬನ್ನ ಹಿಡ್ದು ಯಜಮಾನ ಮಾಡ್ದ. ಮರ ಕಡಿಯೋ ಕೂಲಿ ಗಂಡಸ್ರ ಕೈಗೇ ಕೊಟ್ಟ. ಕಾಡು ಸರ್ಕಾರದ್ದು ಅಂತ ಗಾರ್ಡು ಹಾಕ್ದ. ಗೆಡ್ಡೆ ಅಗೆದೋಳು ಕಳ್ಳಿ. ಹಗಲೆಲ್ಲ ಗಾರ್ಡಿಗೆ ಹೆದ್ರೋದು, ಸಂಜೆ ಗಂಡನ ಮುಂದೆ ಕೈ ಒಡ್ಡೋದು. ಹಂಗಾಯ್ತು ಕತೆ.” ಮುದ್ದೆ ನುಂಗಿ ಮತ್ತೆ ಹೇಳಿದಳು: “ಅವ್ವ ಹೇಳಿದ್ದು ಹೇಳ್ದೆ. ನಾನೇನು ಕಂಡಿದ್ದೀನಾ? ಈಗ ನಮ್ಮನೇಲೂ ಯಜಮಾನ ಅಂದ್ರೆ ಅವ್ನೇ. ನಾನು ಕೂತ್ಕೋ ಅಂದ್ರೆ ಕೂರೋಳೇ.”

ಸ್ವಲ್ಪ ಹೊತ್ತಿನ ಮೇಲೆ ಅವಳು ಕೇಳಿದ್ದು ಒಂದೇ. ಗ್ಯಾಲರಿ ಶುರುವಾದ ಮೇಲೆ ರತ್ನಳ ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಾರಂತೆ. ಆಗಲೇ ಕ್ಲಾಸಿನಲ್ಲಿ ಅವಳನ್ನು ‘ಕಾಡುಪಾಪ’ ಎಂದು ಕರೆಯುವ ಹುಡುಗರಿದ್ದಾರಂತೆ.

“ನೆಲದ ಮ್ಯಾಲೆ ಕೂರಿಸ್ಬೇಡ ಅಕ್ಕ. ನಿಲ್ಸು. ಕೈಗೆ ಕೋಲು ಕೊಡು. ನನ್ ಮಗ್ಳು ತಲೆ ಎತ್ತಿ ನೋಡಂಗಿರ್ಲಿ.”

ಶೇಷಗಿರಿ ಸಾರ್ ಹತ್ತಿರ ಹೋದೆ. ಅವರು ಕನ್ನಡಕ ಹಣೆಗೇರಿಸಿದರು.

“ಆಧಾರ ಏನು?”

“ಮಾದಮ್ಮ ಹೇಳಿದ್ಲು ಸಾರ್. ಅವಳ ತಾಯಿ ಹೇಳಿದ್ದಂತೆ.”

“ಸರೋಜಮ್ಮ, ನಾನು ನಂಬ್ತೀನಿ. ಕಮಿಟಿ ನಂಬಲ್ಲ. ಅವ್ರಿಗೆ ಫೋಟೋ ಬೇಕು. ದೊರೆ ತೆಗೆದ ಫೋಟೋ ಆದ್ರೆ ಇನ್ನೂ ಒಳ್ಳೇದು.”

“ದೊರೆ ಕೂತ್ಕೋ ಅಂದಿರ್ತಾನೆ, ಅವಳು ಕೂತಿರ್ತಾಳೆ. ಅದೂ ಒಂದು ಆಧಾರವಾ ಸಾರ್?”

ಅವರು ಕನ್ನಡಕವನ್ನು ಮತ್ತೆ ಮೂಗಿಗಿಳಿಸಿದರು. ಒಳ್ಳೆಯ ಮನುಷ್ಯರು, ಕಮಿಟಿ ಎಂದರೆ ಮಾತ್ರ ಮೈಯೆಲ್ಲ ಮೆತ್ತಗಾಗುತ್ತಿತ್ತು. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ವಾರ ಕಳೆಯುವುದರೊಳಗೆ ಗ್ಯಾಲರಿಯಿಂದ ಫೋನು ಬಂತು. ಯಾರದೋ ದೊಡ್ಡವರ ಪ್ರತಿಮೆಗೆ ಜಾಗ ಬೇಕಾಗಿ ನಮ್ಮ ಕಟ್ಟೆ ಕಿರಿದಾಗಿದೆ, ಎರಡು ಬೊಂಬೆ ಹಿಡಿಸಬೇಕು ಅಂದರು. ಕೂತ ಬೊಂಬೆಗೆ ಮಂಡಿ ಚಾಚಲು ಜಾಗ ಬೇಕು. ನಿಂತ ಬೊಂಬೆಗೆ ಎರಡು ಪಾದದಷ್ಟು ಸಾಕು. ಸಾರ್ ಶೆಡ್ಡಿಗೆ ಬಂದು ಗಂಟಲು ಸರಿಮಾಡಿಕೊಂಡು, “ಜಾಗದ ಅಭಾವದಿಂದ ಸ್ತ್ರೀಯನ್ನು ನಿಲ್ಲಿಸಲಾಗಿದೆ ಅಂತ ಬರೀತೀನಿ. ನಿಲ್ಸಿಬಿಡಿ. ಕೋಲೂ ಕೊಡಿ” ಎಂದರು. ಮಾದಮ್ಮ ಹಿಂದಿನಿಂದ, “ಯಾವ್ದೋ ದೊಡ್ಡೋರು ಬಂದು ಕುಂತಿದ್ಕೆ ನಮ್ಮಜ್ಜಿ ಎದ್ದು ನಿಂತ್ಲು ಅನ್ನಿ” ಎಂದಳು. ಇಡೀ ಶೆಡ್ಡು ನಕ್ಕಿತು.

ಕೈ ಮಾತ್ರ ಮಣ್ಣಿನಲ್ಲಿ ಮಾಡಲು ನನಗೆ ಮನಸ್ಸಾಗಲಿಲ್ಲ. ಮಾದಮ್ಮನ ಕೈಯದೇ ಅಚ್ಚು ತೆಗೆದೆ. ಮೊಣಕೈವರೆಗೆ ಕೊಬ್ಬರಿ ಎಣ್ಣೆ ಸವರಿ, ಒಂದು ಬಿದಿರು ಹಿಡಿಸಿ ಪ್ಲಾಸ್ಟರ್ ಹಾಕಿದೆ. ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ. “ಅಕ್ಕ, ಕೈ ಬೇಯ್ತಾ ಐತೆ. ಸಂಜೆಗೆ ಸಾರಿಗ್ ಹಾಕ್ತೀಯೇನು?” ಎಂದು ಕೂಗುತ್ತಲೇ ಇದ್ದಳು, ಮುಷ್ಟಿ ಮಾತ್ರ ಸಡಿಲಿಸಲಿಲ್ಲ. ಅಚ್ಚು ಬಿಡಿಸಿದಾಗ ಹೆಬ್ಬೆರಳಿನ ಬುಡದ ಗಾಯದ ಗುರುತು, ಬೆರಳ ಸಂದಿಯ ಸುಕ್ಕು, ಎಲ್ಲ ಮೂಡಿತ್ತು. ನಾನು ಮಾಡಿದ ಕೈಗಳಲ್ಲಿ ಅದಕ್ಕಿಂತ ಒಳ್ಳೆಯದು ಮತ್ತೊಂದಿಲ್ಲ.

ಬೊಂಬೆ ಮುಗಿಯುವ ಹೊತ್ತಿಗೆ ಮಾದಮ್ಮ ಊರಿಗೆ ಹೋಗಿ ಒಂದು ಕೋಲು ತಂದಳು. ನಾನು ಹೊಸದು ಕೆತ್ತಿಸುತ್ತೇನೆ ಎಂದರೂ ಕೇಳಲಿಲ್ಲ. ಅವಳ ತಾಯಿಯದು, ಅದಕ್ಕೂ ಹಿಂದಿನವರದು. ಹಿಡಿದೂ ಹಿಡಿದೂ ನಡುವೆ ಸವೆದು ಹೊಳೆಯುತ್ತಿತ್ತು. ಒಂದು ತುದಿಯನ್ನು ಬೆಂಕಿಯಲ್ಲಿ ಸುಟ್ಟು ಗಟ್ಟಿ ಮಾಡಿ ಚೂಪು ಮಾಡಿದ್ದರು. ಬೊಂಬೆಯ ಮುಷ್ಟಿಗೆ ಅದು ಹೇಳಿ ಮಾಡಿಸಿದ ಹಾಗೆ ಕೂತಿತು. ನಾನು ರೆಸಿನ್ ಹಾಕಿ ಅಂಟಿಸಲು ಹೋದೆ. ಮಾದಮ್ಮ ತಡೆದಳು.

“ಅಂಟಾಕ್ಬೇಡ ಅಕ್ಕ. ಮಳೆಗಾಲಕ್ ಮುಂಚೆ ಕೈಯಿಂದ ತೆಗ್ದು, ಎಣ್ಣೆ ಸವ್ರಿ, ಮಗಳ ಕೈಗ್ ಕೊಟ್ಟು, ತಿರ್ಗಾ ಇಸ್ಕೋಬೇಕು. ನಮ್ಮನೇಲಿ ಹಂಗೇ. ಅಂಟಾಕಿದ್ರೆ ಕೋಲು ಸತ್ತಂಗೆ.”

“ಅಲ್ಲಿ ಯಾರು ತೆಗೆದು ಎಣ್ಣೆ ಹಚ್ತಾರೆ ಮಾದಮ್ಮ?”

“ನಾನೇ ಹೋಗ್ತೀನಿ. ರತ್ನನ್ನ ಕರ್ಕೊಂಡು.”

ಶೇಷಗಿರಿ ಸಾರ್ ಅದಕ್ಕೂ ಒಪ್ಪಿದರು. ವರ್ಷಕ್ಕೊಮ್ಮೆ ಬಾಗಿಲು ತೆಗೆಸುತ್ತೇನೆ ಎಂದು ಮಾತು ಕೊಟ್ಟರು. ಕೋಲನ್ನು ಬಿಡಿಯಾಗಿಯೇ ಬಟ್ಟೆ ಸುತ್ತಿ ಪೆಟ್ಟಿಗೆಯಲ್ಲಿಟ್ಟೆ.

ಆ ಹೊತ್ತಿಗೆ ಕೆಲಸದ ರೀತಿ ಬದಲಾಗಿತ್ತು. ಮೊದಲಾದರೆ ಬೊಂಬೆಯ ಜೊತೆ ನಾವೇ ಹೋಗಿ ನಿಲ್ಲಿಸುತ್ತಿದ್ದೆವು. ಈಗ ಜೋಡಿಸುವ ಗುತ್ತಿಗೆ ಬೇರೆಯವರಿಗೆ. ನಾವು ಪೆಟ್ಟಿಗೆ ಕಳಿಸುವುದು, ಜೊತೆಗೆ ಆಲ್ಬಮ್ಮಿನ ಚಿತ್ರದ ನಕಲು, ಯಾವ ಕೈಯಲ್ಲಿ ಏನು ಎಂಬ ಚೀಟಿ. ಉದ್ಘಾಟನೆಗೆ ನಮ್ಮನ್ನು ಕರೆಯಲೂ ಇಲ್ಲ. ಹಾಗಾಗಿ ನಾನು ಆ ಬೊಂಬೆಯನ್ನು ಮೊದಲ ಸಲ ನೋಡಿದ್ದು ಶಾಲೆಯ ಮಕ್ಕಳ ಜೊತೆಗೇ. ಮಾದಮ್ಮ ರಜೆ ಹಾಕಿ, ಮದುವೆಗೆ ಉಡುವ ಸೀರೆ ಉಟ್ಟಿದ್ದಳು. ಸಣ್ಣ ಸೀಸೆಯಲ್ಲಿ ಎಣ್ಣೆ ಬೇರೆ. “ಇವತ್ತೇ ಯಾಕೆ ಮಾದಮ್ಮ, ಮಳೆಗಾಲ ಇನ್ನೂ ದೂರ” ಎಂದರೆ, “ಮೊದಲ್ನೇ ಸಲ ಅಲ್ವಾ, ಇರ್ಲಿ” ಎಂದಳು.

ಮಕ್ಕಳ ಸಾಲಿನ ಹಿಂದೆ ನಾವು. ರತ್ನ ನಡುನಡುವೆ ತಿರುಗಿ ಅಮ್ಮನನ್ನು ನೋಡುತ್ತಿದ್ದಳು.

ಗಾಜಿನ ಮುಂದೆ ಬಂದೆವು. ಹೆಂಗಸು ನಿಂತಿದ್ದಳು, ಅದು ನಿಜ. ಗಂಡಸಿಗಿಂತ ಅರ್ಧ ಹೆಜ್ಜೆ ಮುಂದೆಯೇ. ಗಂಡಸಿನ ಕೈಯಲ್ಲಿ ಈಟಿ ಇರಲಿಲ್ಲ. ದಾರಿಯಲ್ಲಿ ಅದು ಮುರಿದಿತ್ತಂತೆ, ಆಮೇಲೆ ಗೊತ್ತಾಯಿತು. ಜೋಡಿಸುವವರು ಚಿತ್ರ ನೋಡಿದ್ದಾರೆ, ಚೀಟಿ ನೋಡಿಲ್ಲ. ಚಿತ್ರದಲ್ಲಿ ಗಂಡಸು ಉದ್ದನೆಯದೇನೋ ಹಿಡಿದಿದ್ದಾನೆ. ಪೆಟ್ಟಿಗೆಯಲ್ಲಿ ಉದ್ದನೆಯದೊಂದು ಬಿಡಿಯಾಗಿ ಬಿದ್ದಿದೆ. ಮಾದಮ್ಮನ ತಾಯಿಯ ಕೋಲನ್ನು ತಲೆಕೆಳಗು ಮಾಡಿ, ಸುಟ್ಟ ಚೂಪು ತುದಿ ಮೇಲೆ ಬರುವ ಹಾಗೆ, ಗಂಡಸಿನ ಕೈಗೆ ಸಿಕ್ಕಿಸಿಬಿಟ್ಟಿದ್ದಾರೆ. ಹೆಂಗಸಿನ ಮುಷ್ಟಿ ಬರಿದಾಗಿ ಕಂಡದ್ದಕ್ಕೆ ಎಲ್ಲಿಂದಲೋ ಒಂದು ಬಿದಿರು ಬುಟ್ಟಿ ತಂದು ನೇತುಹಾಕಿದ್ದಾರೆ.

ಸಾಲಿನಲ್ಲಿದ್ದ ಒಬ್ಬ ಹುಡುಗ ಕೂಗಿದ: “ಏ ರತ್ನಾ, ನಿಮ್ಮಜ್ಜಿ ಸಂತೆಗೆ ಹೊರಟವ್ರೆ ಕಣೇ!”

ಮಕ್ಕಳು ನಕ್ಕರು. ಮೇಡಂ “ಷ್” ಎಂದರು. ರತ್ನ ತಲೆ ಎತ್ತಿ ನೋಡಿದಳು. ಆಮೇಲೆ ತಲೆ ತಗ್ಗಿಸಿ ಸಾಲಿನ ಜೊತೆ ಮುಂದಿನ ಕೋಣೆಗೆ ಹೋದಳು.

ಮಾದಮ್ಮ ಗಾಜಿಗೆ ಹಣೆ ತಾಗುವಷ್ಟು ಹತ್ತಿರ ನಿಂತಿದ್ದಳು. ನಾನು ಅವಳ ಭುಜ ಹಿಡಿದುಕೊಂಡೆ. ಅಳುತ್ತಾಳೆ ಎಂದುಕೊಂಡೆ.

“ನೋಡಕ್ಕ ಅವ್ನ. ಕೋಲು ತಲೆಕೆಳಗಾಗಿ ಹಿಡ್ದವ್ನೆ. ತುದಿ ಮ್ಯಾಕೆ ಮಾಡ್ಕೊಂಡು ಏನ್ ಅಗೀತಾನೆ, ಆಕಾಶನಾ?”

ಹೇಳಿ ನಕ್ಕಳು. ಬಾಯಿಗೆ ಸೆರಗು ಹಿಡಿದು ನಕ್ಕಳು. ಬಸ್ಸಿನಲ್ಲಿ ಬರುವಾಗ ಎಣ್ಣೆಯ ಸೀಸೆ ಅವಳ ಮಡಿಲಲ್ಲೇ ಇತ್ತು.

ಶೇಷಗಿರಿ ಸಾರ್ ನಿಜವಾಗಿ ಓಡಾಡಿದರು. ಫೋನು ಮಾಡಿದರು, ಹೋಗಿ ಕಾದು ಕೂತರು. ಗ್ಯಾಲರಿಯವರು, ಗಾಜು ಕೂರಿಸಿ ಆಗಿದೆ, ಉದ್ಘಾಟನೆ ಆಗಿದೆ, ಮಂತ್ರಿಗಳ ಜೊತೆ ಫೋಟೋ ಬಂದಿದೆ, ಈಗ ಬದಲಾಯಿಸಿದರೆ ಮೊದಲು ತಪ್ಪಿತ್ತು ಎಂದು ಒಪ್ಪಿದ ಹಾಗಾಗುತ್ತದೆ ಎಂದರಂತೆ. ಕೋಲನ್ನಾದರೂ ವಾಪಸು ಕೊಡಿ ಎಂದರೆ, ಅದು ಈಗ ಸರ್ಕಾರದ ಸ್ವತ್ತು. “ಕಾಡೂ ಹಿಂಗೇ ಹೋಯ್ತು” ಎಂದಳು ಮಾದಮ್ಮ. ಇನ್ನೇನನ್ನೂ ಕೇಳಲಿಲ್ಲ. ಕೆಲವು ವರ್ಷ ನಮ್ಮಲ್ಲೇ ಜರಡಿ ಹಿಡಿದು ಊರಿಗೆ ಹೋದಳು. ಆಮೇಲೆ ಸಾರ್ ತೀರಿಕೊಂಡರು. ಶೆಡ್ಡಿದ್ದ ಜಾಗದಲ್ಲಿ ಈಗ ಫ್ಲಾಟುಗಳು ಎದ್ದಿವೆ. ಈಗಿನವರು ಕಂಪ್ಯೂಟರಿನಲ್ಲಿ ಮೈ ಅಳೆದು ಬೊಂಬೆಯನ್ನು ಯಂತ್ರದಿಂದಲೇ ಇಳಿಸುತ್ತಾರೆ, ಸೊಗಸಾಗಿರುತ್ತದೆ. ಯಾರನ್ನು ನಿಲ್ಲಿಸಬೇಕು, ಯಾರನ್ನು ಕೂರಿಸಬೇಕು ಎನ್ನುವುದಕ್ಕೆ ಈಗಲೂ ಅದೇ ಆಲ್ಬಮ್ಮು ತೆಗೆಯುತ್ತಾರೆ.

ನಾನು ಕೂರಿಸಿದ ಆ ಉಳಿದ ಹೆಂಗಸರು ಎಲ್ಲೆಲ್ಲಿ, ಯಾವ ಯಾವ ಗಾಜಿನ ಹಿಂದೆ ಇನ್ನೂ ಕುಕ್ಕರಗಾಲಲ್ಲಿ ಕೂತಿದ್ದಾರೋ. ಅವರಲ್ಲಿ ಒಬ್ಬಳ ಮಗಳೂ ನಮ್ಮ ಶೆಡ್ಡಿಗೆ ಬರಲಿಲ್ಲ, ಯಾಕೆ ಕೂತಿದ್ದಾಳೆ ಎಂದು ಕೇಳಲಿಲ್ಲ.

ಮೊನ್ನೆ ರತ್ನ ಬಂದಿದ್ದಳು. ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್ ಆಗಿದ್ದಾಳೆ. ಜೊತೆಗೆ ಅವಳ ಮಗಳು, ಬೀನಾ, ಐದು ವರ್ಷದ ವಾಚಾಳಿ. “ಆಂಟಿ, ಇವಳಿಗೆ ಅದನ್ನ ತೋರ್ಸ್ಬೇಕು, ಬನ್ನಿ” ಎಂದಳು. ಆಟೋ ಮಾಡಿಕೊಂಡು ಮೂವರೂ ಹೋದೆವು.

ಗಂಡಸು ಹಾಗೇ ನಿಂತಿದ್ದಾನೆ, ಕೋಲು ತಲೆಕೆಳಗಾಗಿಯೇ ಇದೆ. ಎಣ್ಣೆ ಕಾಣದೆ ಬೂದು ಬಣ್ಣಕ್ಕೆ ತಿರುಗಿದೆ. ಹೆಂಗಸಿನ ಬುಟ್ಟಿಯನ್ನು ಹುಳ ತಿಂದು ಅದು ಯಾವಾಗಲೋ ಬಿದ್ದುಹೋಗಿತ್ತು. ಯಾರೋ ಗುಡಿಸಿ ಹಾಕಿದ್ದಾರೆ. ಬರೀ ಮುಷ್ಟಿ, ಗಾಳಿಯನ್ನು ಹಿಡಿದುಕೊಂಡು.

ಬೀನಾ ಕೇಳಿದಳು: “ಅಮ್ಮಾ, ಈ ಅಜ್ಜಿ ಯಾಕೆ ಹಿಂಗೆ ಹಿಡ್ಕೊಂಡಿದಾರೆ? ಬಸ್ಸಲ್ಲಿದಾರಾ?”

ರತ್ನ ಏನೋ ಹೇಳಲು ಹೋಗಿ ನನ್ನನ್ನು ನೋಡಿದಳು. ಆಮೇಲೆ ಮಗುವನ್ನು ಎತ್ತಿಕೊಂಡು, ಗಂಡಸಿನ ಕೈಯಲ್ಲಿದ್ದ ಕೋಲು ತೋರಿಸಿ, “ಅದು ನಮ್ಮದು. ಈ ಅಜ್ಜಿದು. ಅವನ ಕೈಗೆ ಹೋಗ್ಬಿಟ್ಟಿದೆ” ಎಂದಳು.

“ಕೊಡು ಅಂತ ಕೇಳು” ಎಂದಿತು ಮಗು.

ಹೊರಗೆ ಬಂದು ರತ್ನ ಊರಿಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟಳು. ಮಾದಮ್ಮನಿಗೆ ಈಗ ಕಿವಿ ಮಂದ. ಗೇಟಿನ ಪಕ್ಕ ನಿಂತು ನಾನು ಕೂಗಿ ಕೂಗಿ ಮಾತಾಡಬೇಕಾಯಿತು.

“ನೋಡ್ದಾ ಅಕ್ಕ? ಕೋಲು ಕೊಟ್ರಾ ಅವ್ಳ ಕೈಗೆ?”

“ಇಲ್ಲ ಮಾದಮ್ಮ.”

“ಕೆಳಗಾಕಾದ್ರೂ ತಿರುಗ್ಸಿದ್ರಾ?”

“ಅದೂ ಇಲ್ಲ.”

ಕೇಳಿಸಲಿಲ್ಲವೇನೋ ಎಂದು ಮತ್ತೊಮ್ಮೆ ಕೂಗಿದೆ.

“ಹಂಗಾದ್ರೆ ಇನ್ನೂ ಆಕಾಶನೇ ಅಗೀತಾ ಅವ್ನೆ, ಬಡ್ಡೀಮಗ” ಎಂದಳು ಮಾದಮ್ಮ.